ಮನೆಯ ದುರಸ್ತಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರಿಲ್ಲ. ಎರಡೂ ಕಷ್ಟದ ಕೆಲಸಗಳೇ ಸರಿ; ಆದರೆ ಎರಡಕ್ಕೂ ಒಂದು ಕೊನೆಯುಂಟು. ಮದುವೆಯ ಚಪ್ಪರವನ್ನು ಬಿಚ್ಚುವ ದಿನ ಬರುತ್ತದೆ. ಗೃಹಪ್ರವೇಶದ ಊಟವೂ ಮುಗಿಯುತ್ತದೆ. ಕಟ್ಟಿದ ಮನೆಯನ್ನು ಕಾಪಾಡಿಕೊಂಡು ಬರುವ ಕೆಲಸಕ್ಕೆ ಮಾತ್ರ ಕೊನೆಯೆಂಬುದಿಲ್ಲ. ಗಾದೆಯನ್ನು ಮಾಡಿದ ಹಿರಿಯರು 'ದುರಸ್ತಿ ಮಾಡಿಸಿ ನೋಡು' ಎಂಬ ಮೂರನೆಯ ಮಾತನ್ನು ಸೇರಿಸಲು ಮರೆತರೆಂದು ತೋರುತ್ತದೆ.

ಮನೆಗೂ ಮನುಷ್ಯನ ದೇಹದಂತೆ ಸಣ್ಣಪುಟ್ಟ ಬೇನೆಗಳುಂಟು. ಇಂದು ನಲ್ಲಿ ಸೋರುತ್ತದೆ, ನಾಳೆ ಚಿಲಕ ಬಿಗಿಯುತ್ತದೆ, ನಾಡಿದ್ದು ಗೋಡೆಯ ಗಾರೆ ಉದುರುತ್ತದೆ. ಇವುಗಳಲ್ಲಿ ಯಾವುದೂ ದೊಡ್ಡ ವಿಪತ್ತಲ್ಲ. ಆದರೆ ಯಾವುದನ್ನೂ ಹಾಗೆಯೇ ಬಿಡುವಂತಿಲ್ಲ. ಸೆಕೆಂಡಿಗೆ ಒಂದೇ ಹನಿಯಂತೆ ತೊಟ್ಟಿಕ್ಕಿದರೂ ದಿನವೊಂದಕ್ಕೆ 86,400 ಹನಿಗಳು ಪೋಲಾಗುತ್ತವೆ. ಇದಕ್ಕೆ ಬೇಕಾದ ಮದ್ದು ಅನೇಕ ವೇಳೆ ಕೆಲವೇ ರೂಪಾಯಿ ಬೆಲೆಯ ರಬ್ಬರಿನ ಒಂದು ಬಿಲ್ಲೆ. ಬಿಲ್ಲೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಹಾಕಿಕೊಡುವ ಮನುಷ್ಯ ಸಿಗುವುದೇ ಕಷ್ಟ.

ದುರಸ್ತಿಯವರನ್ನು ಕರೆಯಲು ಹೋದ ಗೃಹಸ್ಥನು ಹೆಚ್ಚಾಗಿ ಕೇಳುವ ಮಾತು 'ನಾಳೆ ಬರ್ತೀನಿ ಸ್ವಾಮಿ' ಎಂಬುದು. ದೆವ್ವವು ಮನೆಯೊಳಗೆ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ವಾಡಿಕೆ ನಮ್ಮ ನಾಡಿನಲ್ಲಿತ್ತು. ಬಂದ ದೆವ್ವವು ಅದನ್ನು ಓದಿಕೊಂಡು ಹಿಂತಿರುಗುತ್ತಿತ್ತಂತೆ. ಮರುದಿನ ಬಂದರೂ ಅದೇ ಬರಹ, ಅದೇ ನಾಳೆ! ಕೆಲವು ಕೆಲಸಗಾರರ 'ನಾಳೆ'ಯೂ ಇದೇ ಜಾತಿಯದು. ಆದುದರಿಂದಲೇ ಹೇಳಿದ ದಿನ ಹೇಳಿದ ಹೊತ್ತಿಗೆ ಬರುವ ಕೆಲಸಗಾರನನ್ನು ಕಂಡರೆ ಗೃಹಸ್ಥನಿಗೆ ಬಂಧುವೇ ಬಂದಷ್ಟು ಸಂತೋಷವಾಗುತ್ತದೆ.

ಹಿಂದಿನ ಹಳ್ಳಿಗಳಲ್ಲಿ ಈ ಹುಡುಕಾಟವಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು ಊರಿನವರೇ ಆಗಿದ್ದರು. ವರ್ಷವಿಡೀ ಅವರು ಮಾಡಿದ ಕೆಲಸಕ್ಕೆ ರೈತರು ಸುಗ್ಗಿಯ ಕಾಲದಲ್ಲಿ ಕಣದಿಂದಲೇ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಇಂದು ಕೆಟ್ಟ ನೇಗಿಲನ್ನು ಮಾಡಿಕೊಟ್ಟು ನಾಳೆ ಕಣ್ಮರೆಯಾಗುವಂತಿರಲಿಲ್ಲ. ಆದರೆ ಆ ಏರ್ಪಾಡಿಗೆ ಇನ್ನೊಂದು ಮುಖವೂ ಇತ್ತು. ಹುಟ್ಟಿನಿಂದ ಬಂದ ಕಸುಬನ್ನು ಬಿಡುವ ಸ್ವಾತಂತ್ರ್ಯ ಅವರಿಗೆ ವಿರಳವಾಗಿತ್ತು. ಕೂಲಿ ಸಾಲದೆಂದು ಹೇಳುವ ಧೈರ್ಯವೂ ಹಾಗೆಯೇ. ಇಂದಿನ ಪಟ್ಟಣದಲ್ಲಿ ಕೆಲಸಗಾರನು ಸ್ವತಂತ್ರನು. ಮೊಬೈಲಿನಲ್ಲಿ ಕರೆದರೆ ಬರುವವನು. ಆದರೆ ಅವನು ಮನೆಯವರಿಗೆ ಅಪರಿಚಿತ. ಮನೆಯವರೂ ಅವನಿಗೆ ಅಪರಿಚಿತರು. ಇಬ್ಬರ ನಡುವೆ ನಂಬಿಕೆಯು ಹೊಸದಾಗಿ ಹುಟ್ಟಬೇಕು.

ನಂಬಿಕೆಗೆ ಯೋಗ್ಯನಾದವನನ್ನು ಗುರುತಿಸುವುದು ಹೇಗೆ? ಅವನ ಚೀಲದಲ್ಲಿರುವ ಉಳಿ, ಸುತ್ತಿಗೆ, ಇಕ್ಕಳಗಳು ಎಲ್ಲರ ಚೀಲದಲ್ಲಿಯೂ ಇರುತ್ತವೆ. ವ್ಯತ್ಯಾಸ ತಿಳಿಯುವುದು ಅವುಗಳನ್ನು ಹೊರಗೆ ತೆಗೆಯುವುದಕ್ಕೆ ಮುಂಚೆ. ಒಳ್ಳೆಯ ಕೆಲಸಗಾರನು ಮೊದಲು ನೋಡುತ್ತಾನೆ, ಕೇಳುತ್ತಾನೆ, ಕೊನೆಗೆ ಮುಟ್ಟುತ್ತಾನೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತೆನ್ನಿ. ಆತುರದ ಬಡಗಿಯು ಅಂಚನ್ನು ಹೆರೆದುಹಾಕಿ ಕೂಲಿ ಪಡೆದು ಹೊರಟುಬಿಡುತ್ತಾನೆ. ಮರವು ತೇವವನ್ನು ಹೀರಿ ಅಗಲವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಗೆ ಬಂದಾಗ ಅದೇ ಬಾಗಿಲಿನ ಸಂದಿಯಲ್ಲಿ ಹಲ್ಲಿ ನುಸುಳುವಷ್ಟು ಜಾಗವಾಗಿರುತ್ತದೆ. ಬಲ್ಲವನು, 'ಮಳೆ ನಿಲ್ಲಲಿ ಸ್ವಾಮಿ, ಮರ ಒಣಗಲಿ. ಆಮೇಲೂ ಹಿಡಿದರೆ ಹೇಳಿ ಕಳಿಸಿ' ಎನ್ನುತ್ತಾನೆ. ಅಂದಿನ ಕೂಲಿಯನ್ನು ಬಿಟ್ಟುಕೊಟ್ಟು ಹೇಳಿದ ಮಾತು ಅದು.

ಕಣ್ಣಿಗೆ ಕಾಣದ ಕೆಲಸದಲ್ಲಿ ಪ್ರಾಮಾಣಿಕತೆಯ ಬೆಲೆ ಇನ್ನೂ ಹೆಚ್ಚು. ಹಳೆಯ ಮನೆಗಳಲ್ಲಿ ಪಿಂಗಾಣಿಯ ಫ್ಯೂಸುಗಳು ಈಗಲೂ ಉಂಟು. ಅದರೊಳಗಿನ ತೆಳುವಾದ ತಂತಿಯು, ಅಳತೆ ಮೀರಿ ವಿದ್ಯುತ್ತು ಹರಿದಾಗ ತಾನು ಕರಗಿ ಮನೆಯನ್ನು ಉಳಿಸುತ್ತದೆ. ತಂತಿ ಮತ್ತೆ ಮತ್ತೆ ಕರಗಿದರೆ, ಎಲ್ಲಿಯೋ ದೋಷವಿದೆ ಎಂದು ಅರ್ಥ. ದೋಷವನ್ನು ಹುಡುಕದೆ ಅಲ್ಲಿಗೆ ದಪ್ಪನೆಯ ತಂತಿಯನ್ನು ಸುತ್ತಿದರೆ ದೀಪವೇನೋ ಹತ್ತುತ್ತದೆ, ಮನೆಯವರಿಗೂ ಸಂತೋಷವಾಗುತ್ತದೆ. ಆದರೆ ಮುಂದೊಂದು ದಿನ ತಂತಿಯು ಕರಗುವ ಬದಲು ಗೋಡೆಯೊಳಗಿನ ವೈರುಗಳೇ ಕಾದು ಬೆಂಕಿ ಹತ್ತಬಹುದು. ಹತ್ತು ನಿಮಿಷದ ಕಳ್ಳಗೆಲಸಕ್ಕೆ ಒಂದು ಸಂಸಾರದ ಪ್ರಾಣವೇ ಒತ್ತೆಯಾಗುತ್ತದೆ. ಯಾರೂ ನೋಡದಿರುವಾಗ ಸರಿಯಾದ ತಂತಿಯನ್ನೇ ಹಾಕುವವನು ನಂಬಿಗಸ್ತನು.

ಹಳೆಯ ಹೆಂಚಿನ ಮನೆಯೊಂದರಲ್ಲಿ ವೃದ್ಧೆಯೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಬೇಸಗೆಯ ಕೊನೆಯ ಮಳೆಗೆ ನಡುಮನೆ ಸೋರಿತು. ಮೊದಲು ಬಂದವನು ಅಂಗಳದಲ್ಲಿ ನಿಂತೇ ತಲೆಯೆತ್ತಿ ನೋಡಿ, 'ಮಾಡನ್ನೆಲ್ಲ ಬಿಚ್ಚಬೇಕು' ಎಂದನು. ಮುಂಗಡ ಹಣವನ್ನು ತೆಗೆದುಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ನೆರೆಯವರು ಇನ್ನೊಬ್ಬ ಮೇಸ್ತ್ರಿಯನ್ನು ಕರೆತಂದರು. ಆತನು ಏಣಿಯನ್ನು ಹಾಕಿ ಮೇಲೆ ಹತ್ತಿದನು. ಮಂಗಳೂರು ಹೆಂಚುಗಳನ್ನು ಒಂದೊಂದಾಗಿ ಬಿಡಿಸಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಾಡಿನ ಎಷ್ಟೋ ಮನೆಗಳು ಇಂಥ ಹೆಂಚನ್ನು ಹೊದ್ದಿವೆ. ಮೇಸ್ತ್ರಿಯು ಒಡೆದ ಮೂರು ಹೆಂಚುಗಳನ್ನು ತೆಗೆದು ಬೇರೆಯವನ್ನು ಕೂರಿಸಿದನು. ಎರಡು ಇಳಿಜಾರುಗಳು ಕೂಡುವೆಡೆ ನೀರು ಹರಿಯುವ ತಗಡಿನಲ್ಲಿ ಕಟ್ಟಿಕೊಂಡಿದ್ದ ತರಗೆಲೆಯನ್ನು ಬಾಚಿ ಹಾಕಿದನು. ಕೆಳಗಿಳಿದು, 'ಇಷ್ಟೇ ಕಣಮ್ಮಾ, ಮರ ಗಟ್ಟಿಯಾಗಿದೆ. ಮಳೆಗಾಲ ಬರೋದಕ್ಕೆ ಮುಂಚೆ ವರ್ಷಕ್ಕೊಂದು ಸಲ ಎಲೆ ತೆಗೆಸಿ' ಎಂದನು. ಒಡೆದ ಹೆಂಚುಗಳನ್ನು ಆಕೆಗೆ ತೋರಿಸಿ, ಬಿದ್ದ ಕಸವನ್ನು ತಾನೇ ಗುಡಿಸಿದನು. ಆಕೆ ಎರಡು ದಿನದ ಕೂಲಿಯನ್ನು ಕೊಡಹೋದಾಗ ಅರ್ಧ ದಿನದ್ದನ್ನು ಮಾತ್ರ ಎಣಿಸಿಕೊಂಡು ಉಳಿದುದನ್ನು ಹಿಂದಕ್ಕೆ ಕೊಟ್ಟನು. ಆ ವರ್ಷದ ಮಳೆಯಲ್ಲಿ ವೃದ್ಧೆಯು ಪಾತ್ರೆಗಳನ್ನು ಜೋಡಿಸಿಡದೆ ನೆಮ್ಮದಿಯಾಗಿ ಮಲಗಿದರು.

ದುಡಿದಷ್ಟಕ್ಕೆ ಮಾತ್ರ ಕೈಯೊಡ್ಡುವ ಈ ಗುಣ ನಮ್ಮ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಮಡದಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಕಾಯಕವೆಂದರೆ ದುಡಿಮೆ ಮಾತ್ರವಲ್ಲ. ದುಡಿಮೆಯಲ್ಲಿನ ಶುದ್ಧಿ ಎಂಬುದನ್ನು ಬಡ ದಂಪತಿಗಳು ತೋರಿಸಿಕೊಟ್ಟರು.

ಆದರೆ ನಂಬಿಕೆಯೆಂಬುದು ಒಂದೇ ಕಡೆಯಿಂದ ಬೆಳೆಯುವ ಬಳ್ಳಿಯಲ್ಲ. ಕೆಲಸಗಾರನು ಹೊತ್ತಿಗೆ ಸರಿಯಾಗಿ ಬರಬೇಕೆನ್ನುವ ಗೃಹಸ್ಥನು ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವನೇ? ಜವಳಿ ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ತೆತ್ತವನು, ಸುಡುಬಿಸಿಲಲ್ಲಿ ಮಾಡಿನ ಮೇಲೆ ಕುಳಿತು ದುಡಿದವನೊಡನೆ ಹತ್ತು ರೂಪಾಯಿಗಾಗಿ ಚೌಕಾಶಿ ಮಾಡುವುದುಂಟು. ಮೊದಲೇ ಕೂಲಿಯನ್ನು ಗೊತ್ತುಮಾಡಿಕೊಳ್ಳುವುದು, ಆಗಬೇಕಾದ ಕೆಲಸವನ್ನು ಸ್ಪಷ್ಟವಾಗಿ ಹೇಳುವುದು, ಬಾಯಾರಿದಾಗ ನೀರು ಕೊಡುವುದು, ಮುಗಿದ ಕೂಡಲೇ ಹಣವನ್ನು ಕೈಗಿಡುವುದು ಇವು ಗೃಹಸ್ಥನ ಧರ್ಮ. ಅವನನ್ನು ಕಳ್ಳನಂತೆ ಕಾಯುತ್ತಾ ನಿಂತರೆ ಒಳ್ಳೆಯವನ ಮನಸ್ಸೂ ಮುರಿಯುತ್ತದೆ. ಒಳ್ಳೆಯ ಕೆಲಸಗಾರನೂ ಒಳ್ಳೆಯ ಮನೆಯನ್ನು ಹುಡುಕುತ್ತಿರುತ್ತಾನೆ ಎಂಬುದನ್ನು ನಾವು ಮರೆಯುತ್ತೇವೆ.

ಕೈಕೆಲಸವು ಕೀಳೆಂಬ ಭಾವನೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. 1950ರಲ್ಲಿ ಕೇಂದ್ರ ಸರ್ಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ಐ.ಟಿ.ಐ.ಗಳಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಪ್ಲಂಬರ್ ಮೊದಲಾದ ಕಸಬುಗಳನ್ನು ಇಂದು ಯಾವ ಜಾತಿಯವರಾದರೂ, ಹುಡುಗಿಯರಾದರೂ ಕಲಿಯಬಹುದು. ನಲ್ಲಿಯ ಬಿಲ್ಲೆಯನ್ನು ಬದಲಿಸುವುದು, ತಿರುಪನ್ನು ಬಿಗಿಯುವುದು ಮುಂತಾದ ಹಗುರವಾದ ಕೆಲಸಗಳನ್ನು ವಿದ್ಯಾರ್ಥಿಗಳು ಹಿರಿಯರ ಜೊತೆ ನಿಂತು ಕಲಿತರೆ ಲಾಭವೇ ಹೊರತು ನಷ್ಟವಿಲ್ಲ. ವಿದ್ಯುತ್ತಿನ ಕೆಲಸಕ್ಕೆ ಮಾತ್ರ ಬಲ್ಲವರನ್ನೇ ಕರೆಯಬೇಕು. ತನ್ನ ಕೈಯಿಂದ ಒಂದು ಮೊಳೆಯನ್ನು ನೆಟ್ಟಗೆ ಹೊಡೆದು ನೋಡಿದವನಿಗೆ, ನೂರು ಮೊಳೆಗಳನ್ನು ನೆಟ್ಟಗೆ ಹೊಡೆಯುವವನ ಬೆಲೆ ತಾನಾಗಿಯೇ ತಿಳಿಯುತ್ತದೆ.