ರೀಸೆಟ್ ಆಯ್ತು, ರಿಪೇರಿ ಆಗಲಿಲ್ಲ

ಫೋನ್ ಹ್ಯಾಂಗ್ ಆದರೆ ಆಫ್ ಮಾಡಿ ಆನ್ ಮಾಡು, ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನಿಂದ ನೆಂಟರೆಲ್ಲ ಪಡೆಯುವ ಸಲಹೆ ಇದೊಂದೇ. ಈಗೀಗ ಅದೇ ಮದ್ದನ್ನು ಕಾರಿಗೂ ಕುಡಿಸುತ್ತಿದ್ದೇವೆ.

ಕುಡಚಿಯಲ್ಲಿರುವ ನಮ್ಮ ಅಪ್ಪನ ಪೆಟ್ರೋಲ್ ಕಾರಿನಲ್ಲಿ ಹೋದ ಚಳಿಗಾಲ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಮೆಕ್ಯಾನಿಕ್ ಒಬ್ಬರು ಬ್ಯಾಟರಿಯ ಮೈನಸ್ ವಾಯರ್ ಬಿಚ್ಚಿ, ಚಹಾ ಕುಡಿದು ಬಂದು ಮತ್ತೆ ಜೋಡಿಸಿದರು. ದೀಪ ಮಾಯ! ಅಪ್ಪ ಫೋನ್ ಮಾಡಿ, "ನೀ ನಾಕ ವರ್ಷ ಇಂಜಿನಿಯರಿಂಗ್ ಕಲತಿ, ಅಂವ ಹದಿನೈದ ನಿಮಿಷದಾಗ ಕೆಲಸಾ ಮುಗಿಸ್ಯಾನ ನೋಡು" ಅಂತ ನಕ್ಕರು.

ನಾಲ್ಕನೇ ದಿನ ಅವ್ವನನ್ನು ಮಿರಜ್‌ನ ಆಸ್ಪತ್ರೆಗೆ ಕರೆದೊಯ್ಯುವಾಗ ದೀಪ ಮರಳಿ ಬಂತು. ಈ ಸಲ ಮಿಣುಕುತ್ತಿತ್ತು. ಕೃಷ್ಣೆಯ ಸೇತುವೆ ದಾಟಿ ಉಗಾರದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕಲು ಹೋದರೆ ಕಾರು ಮುಂದೆ ಜಗ್ಗದೆ ನಡುಗಿತಂತೆ. ಎದುರಿಗೆ ಬಸ್ಸು. ಅಪ್ಪ ಹೇಗೋ ಹಿಂದೆ ಸರಿದು ಬದಿಗೆ ನಿಲ್ಲಿಸಿದರು. ಉಳಿದ ದಾರಿಯನ್ನು ಅವ್ವ ಪರಿಚಯದವರ ಜೀಪಿನಲ್ಲಿ ಹೋದಳು.

ಇಂಜಿನ್ ನಡೆಸುವ ಕಂಪ್ಯೂಟರಿಗೆ ಇಸಿಯು ಅಂತಾರೆ. ದೋಷ ಕಂಡಾಗ ಅದು ಒಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತೆ. ಬ್ಯಾಟರಿ ಬಿಚ್ಚಿದಾಗ ಅನೇಕ ಕಾರುಗಳಲ್ಲಿ ಆ ಕೋಡ್ ಅಳಿಸಿಹೋಗುತ್ತೆ. ಎಷ್ಟು ಪೆಟ್ರೋಲ್ ಕೊಟ್ಟರೆ ಸರಿ ಅಂತ ದಿನವೂ ಓಡುತ್ತ ಕಲಿತದ್ದೂ ಹೋಗಬಹುದು. ಆಮೇಲೆ ಕೆಲವು ದಿನ ಇಂಜಿನ್ ಏರಿಳಿಯುತ್ತ ಹೊಸದಾಗಿ ಕಲಿಯುತ್ತೆ. ಕೆಟ್ಟ ಭಾಗ ಮಾತ್ರ ಕೆಟ್ಟೇ ಇರುತ್ತೆ. ಡಾಕ್ಟರ ಚೀಟಿ ಹರಿದರೆ ಜ್ವರ ಇಳಿದೀತೇ?

ಆ ಶನಿವಾರ ಊರಿಗೆ ಹೋಗಿ, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ನೋಡಿದೆ. ಪಿ 0303. ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಅದೇ ಮೆಕ್ಯಾನಿಕ್ಕರನ್ನು ಕರೆದೆ. ಮೂರನೆಯದರ ಇಗ್ನಿಷನ್ ಕಾಯಿಲ್ ಒಂದನೆಯದಕ್ಕೆ, ಒಂದನೆಯದರದ್ದು ಮೂರಕ್ಕೆ ಅದಲುಬದಲು ಮಾಡಿ ಓಡಿಸಿದೆವು. ಈಗ ಪಿ 0301! ಕಾಯಿಲ್ ಹೋದಲ್ಲಿ ರೋಗವೂ ಹೋಗಿತ್ತು. ಹೊಸ ಕಾಯಿಲ್ ಹಾಕಿ, ಆಮೇಲೆ ಕೋಡ್ ಅಳಿಸಿದೆವು. ರೀಸೆಟ್‌ಗೆ ಸರಿಯಾದ ಹೊತ್ತು ಅದೇ, ರಿಪೇರಿ ಮುಗಿದ ಮೇಲೆ.

ಅಪ್ಪ ಹೇಳಿದರು, "ಅಂದ್ರ ದೀಪ ಖರೇನ ಹೇಳತಿತ್ತು. ನಾವ ಅದರ ಬಾಯಿ ಮುಚ್ಚಿಸಿದ್ವಿ."

ನಿಮ್ಮ ಕಾರಿನಲ್ಲೂ ಈ ದೀಪ ಹತ್ತಿದರೆ, ಅಳಿಸುವ ಮೊದಲು ಕೋಡ್ ಏನು ಅಂತ ಕೇಳಿ, ಸ್ಕ್ಯಾನರ್ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ದೀಪ ಮಿಣುಕಿದರೆ ಓಡಿಸಬೇಡಿ, ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೇ ಸುಡಬಹುದು, ಅದು ಕಾಯಿಲ್‌ಗಿಂತ ಬಹಳ ದುಬಾರಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ದೀಪ ಆರಿದ್ದರೆ ಸಾಲದು. ಸ್ಕ್ಯಾನರ್‌ನಲ್ಲಿ ಸ್ವಯಂ ಪರೀಕ್ಷೆಗಳು ಅಪೂರ್ಣ ಅಂತ ತೋರಿಸಿದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು, ಬ್ಯಾಟರಿ ಬಿಚ್ಚಿರಲೂಬಹುದು. ಯಾಕೆ ಅಂತ ಕೇಳಿ.

ಕಾರು ಮಾರುವಾಗ ಮಾತ್ರ ಟಚ್ ಸ್ಕ್ರೀನಿನ ಫ್ಯಾಕ್ಟರಿ ರೀಸೆಟ್ ಮರೆಯಬೇಡಿ. ನಿಮ್ಮ ಫೋನ್ ನಂಬರುಗಳು, ಮನೆ ವಿಳಾಸ ಅದರಲ್ಲಿ ಉಳಿದಿರುತ್ತವೆ. ಅಲ್ಲಿ ಅಳಿಸುವುದೇ ಜಾಣತನ.