ಬಿಸಿಲಿನ ಲೆಕ್ಕ

ನಿವೃತ್ತಿಯಾದರೂ ಗಣಿತದ ಮೇಷ್ಟರನ್ನು ಲೆಕ್ಕಗಳು ಸುಲಭವಾಗಿ ಬಿಡುವುದಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ತಾರಸಿಗೆ ಸೌರಫಲಕ ಹಾಕಿಸುವ ಮಾತು ಬಂದಾಗ, ಮಾರಾಟಕ್ಕೆ ಬಂದ ಯುವಕ "ಮೂರು ಕಿಲೋವ್ಯಾಟ್ ಹಾಕಿಸಿ ಸಾರ್, ದಿನಕ್ಕೆ ಹದಿನೈದು ಯೂನಿಟ್ ಗ್ಯಾರಂಟಿ" ಎಂದ. ಜೊತೆಗೊಂದು ಷರತ್ತು: ದಕ್ಷಿಣಕ್ಕಿರುವ ಸಂಪಿಗೆ ಮರವನ್ನು ಕಡಿಸಬೇಕು. ಮನೆ ಕಟ್ಟಿದ ವರ್ಷ ನನ್ನಾಕೆ ನೆಟ್ಟ ಮರವದು. ಆಕೆ ಮಾತಾಡದೆ ಒಳಗೆ ಹೋದಳು. ನಾಳೆ ತಿಳಿಸುತ್ತೇನೆಂದು ಅವನನ್ನು ಕಳುಹಿಸಿ, ಕಾಗದ ಪೆನ್ಸಿಲ್ ಹಿಡಿದು ಕುಳಿತೆ.

ಫಲಕದ ಮೇಲೆ ಬರೆದಿರುವ ವ್ಯಾಟ್ ಪ್ರಯೋಗಾಲಯದ ಸಂಖ್ಯೆ. ಚದರ ಮೀಟರಿಗೆ 1000 ವ್ಯಾಟ್ ಬಿಸಿಲು, ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗ ಮಾತ್ರ ಅದು ಸತ್ಯ. ಬೆಂಗಳೂರಿನಲ್ಲಿ ಇಡೀ ದಿನದ ಬಿಸಿಲನ್ನು ಒಟ್ಟುಗೂಡಿಸಿದರೆ, ವರ್ಷದ ಸರಾಸರಿಯಲ್ಲಿ, ಅಂಥ ಪೂರ್ಣ ಬಿಸಿಲಿನ ಸುಮಾರು ಐದು ಗಂಟೆಗಳಿಗೆ ಸಮ. ಆದರೆ ಏಪ್ರಿಲ್ ಮಧ್ಯಾಹ್ನ ಕೋಶಗಳು 55 ಡಿಗ್ರಿಯವರೆಗೂ ಕಾಯಬಹುದು. ಡಿಗ್ರಿಗೆ ಶೇ. 0.4ರಂತೆ ಆಗ ಶೇ. 12 ನಷ್ಟ. ಧೂಳು, ತಂತಿ, ಇನ್ವರ್ಟರ್ ಕೂಡ ತಮ್ಮ ಪಾಲು ಕೇಳುತ್ತವೆ. ಒಟ್ಟಾರೆ ಐದರಲ್ಲೊಂದು ಪಾಲು ಕಳೆದರೆ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕೇ ಯೂನಿಟ್. ಹದಿನೈದು ಹನ್ನೆರಡಾಯಿತು. ಅದೂ ಸರಾಸರಿ, ಮಾರ್ಚಿಯಲ್ಲಿ ಹೆಚ್ಚು, ಆಷಾಢದ ಮೋಡದಲ್ಲಿ ಕಡಿಮೆ.

ಇನ್ನು ನೆರಳು. ನಮ್ಮೂರಿನ ಅಕ್ಷಾಂಶ 13 ಡಿಗ್ರಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೇ ಬೀಳುವುದರಿಂದ ಸಂಪಿಗೆಯ ತಂಟೆಯಿಲ್ಲ. ತೊಂದರೆ ಡಿಸೆಂಬರಿನದು. ಆಗ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 53 ಡಿಗ್ರಿ. ತಾರಸಿಗಿಂತ 20 ಅಡಿ ಮೇಲಿರುವ ಮರದ ನೆರಳು ಉತ್ತರಕ್ಕೆ 15 ಅಡಿ ಚಾಚುತ್ತದೆ. ಬೆಳಗಿನ ಒಂಬತ್ತು ಗಂಟೆಯ ನೆರಳಿಗಾಗಿ ಇನ್ನೈದು ಅಡಿ ಸೇರಿಸಿದೆ. ಅಷ್ಟು ಬಿಟ್ಟು, ನೀರಿನ ಟ್ಯಾಂಕನ್ನೂ ಕಳೆದರೆ ಉಳಿಯುವುದು ಇನ್ನೂರು ಚದರಡಿಗೆ ತುಸು ಹೆಚ್ಚು. ಕಿಲೋವ್ಯಾಟಿಗೆ ನೂರು ಚದರಡಿಯಂತೆ ಎರಡು ಕಿಲೋವ್ಯಾಟಿಗೆ ಸಾಕು.

2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ, ಎರಡಕ್ಕೆ 60,000. ಹದಿನೆಂಟು ಸಾವಿರ ಕೈಬಿಡಬೇಕೆ ಎಂದು ಮನಸ್ಸು ತುಸು ತೂಗಾಡಿದ್ದು ನಿಜ. ಆದರೆ ನಮ್ಮಿಬ್ಬರ ಬಳಕೆ ದಿನಕ್ಕೆ ಆರು ಯೂನಿಟ್. ಎರಡು ಕಿಲೋವ್ಯಾಟ್ ಎಂಟು ಕೊಡುತ್ತದೆ. ಮರ ಉಳಿಯಿತು.

ವರ್ಷಕ್ಕೆ 2,920 ಯೂನಿಟ್ ಎಂದು ಬರೆದಿಟ್ಟಿದ್ದೆ. ಮೊದಲ ವರ್ಷ ಮೀಟರು ತೋರಿಸಿದ್ದು 2,806. ಮಳೆಗಾಲ ಈ ಸಲ ಉದ್ದವಾಗಿತ್ತು.

ಫಲಕ ಹಾಕಿಸುವ ಗೆಳೆಯರಿಗೆ ನನ್ನದೊಂದೇ ಸಲಹೆ: ಕೊಡಲಿ ತರಿಸುವ ಮೊದಲು ಡಿಸೆಂಬರಿನಲ್ಲಿ ಒಮ್ಮೆ ತಾರಸಿ ಹತ್ತಿ, ನೆರಳು ಎಲ್ಲಿಯವರೆಗೆ ಬರುತ್ತದೆಂದು ಸೀಮೆಸುಣ್ಣದಿಂದ ಗೆರೆ ಎಳೆಯಿರಿ.