ಒಂಬತ್ತನೇ ಕಾಲಂನಲ್ಲಿ ಅಜ್ಜನ ಹೆಸರು

ಪ್ರೀತಿಯ ಗೆಳೆಯರೇ,

ನಿಮ್ಮ ಕಾಗದ ತಲುಪಿತು. ಜಮೀನಿನ ಹಕ್ಕುದಾಖಲೆಯಾದ ಪಹಣಿ ಮೊಬೈಲಿನಲ್ಲೇ ಸಿಗುವಾಗ ಕಂದಾಯ ಇಲಾಖೆಗೆ ಇನ್ನೇನು ಕೆಲಸ ಎಂದು ಕೇಳಿದ್ದೀರಿ. ನನಗಂತೂ ಅದರ ಕಷ್ಟದ ಕೆಲಸ ಈಗ ಶುರುವಾಗಿದೆ ಅನ್ನಿಸುತ್ತದೆ.

ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ವಂಶಪಾರಂಪರ್ಯ ಹುದ್ದೆ 1961ರ ಕಾಯ್ದೆಯಿಂದ ಹೋಯಿತು. ಗ್ರಾಮಲೆಕ್ಕಿಗರು ಬಂದರು. ಪಹಣಿ ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು. ಖಾತೆ ಬದಲಾವಣೆಯ ಅರ್ಜಿಯನ್ನು ಯಾವಾಗ ಎತ್ತಿಕೊಳ್ಳಬೇಕೆಂಬುದೂ ಅವರಿಗೇ ಬಿಟ್ಟದ್ದಾಗಿತ್ತು. ಆ ಹಿಡಿತವನ್ನು ಸಡಿಲಿಸಿದ್ದು ಕರ್ನಾಟಕದ 'ಭೂಮಿ' ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪ್ರತಿ ಸಿಗುತ್ತಿತ್ತು. ಖಾತೆ ಬದಲಾವಣೆಗೂ ಮೊದಲು ಬಂದ ಅರ್ಜಿ ಮೊದಲು. ನಮೂದಿಸುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಕೆಲಸ ಶುರುಮಾಡಬೇಕು. ಹಳ್ಳಿಯವರ ಅಲೆದಾಟ ಬಲ್ಲವರಿಗೆ ಇದು ಎಷ್ಟು ದೊಡ್ಡದೆಂದು ಗೊತ್ತು.

ಆದರೆ ಪುಸ್ತಕದಲ್ಲಿದ್ದ ತಪ್ಪುಗಳೂ ಜೊತೆಗೇ ಬಂದವು. ನೀವು ಕಳಿಸಿದ ಪಹಣಿಯನ್ನೇ ನೋಡಿ. ಉಳುವವರು ನೀವು, ಕಂದಾಯ ಕಟ್ಟುವವರೂ ನೀವು. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಮಾತ್ರ ಇಂದಿಗೂ ನಿಮ್ಮ ಅಜ್ಜನ ಹೆಸರು. ಜಮೀನು ಯಾರದೆಂದು ಊರಿಗೆಲ್ಲ ಗೊತ್ತಿದ್ದರೂ ಈಗ ಸಾಲದು. ಬ್ಯಾಂಕು, ಬೆಳೆವಿಮೆ, ಉಪನೋಂದಣಿ ಕಚೇರಿಯ 'ಕಾವೇರಿ' ತಂತ್ರಾಂಶ, ಎಲ್ಲವೂ ಆ ಒಂದೇ ಸಾಲನ್ನು ನೋಡುತ್ತವೆ. ಅಲ್ಲಿ ಹೆಸರು ತಾಳೆಯಾಗದಿದ್ದರೆ ಹೋದಲ್ಲೆಲ್ಲ ಅರ್ಜಿ ವಾಪಸು.

ಹಾಗಾಗಿ ದಾಖಲೆ ಸರಿಯಿದೆ ಎಂಬ ಹೊಣೆಯನ್ನು ಇಲಾಖೆಯೇ ಹೊರಬೇಕು, ಅದೂ ಊರಿಗೆ ಬಂದು. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆಗೆ ಮನೆಬಾಗಿಲಲ್ಲಿ ಕೂತು ವಂಶವೃಕ್ಷ ಬರೆದುಕೊಳ್ಳಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಬೇಕು. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸೀತು, ಬದುವಿನ ಜಗಳ ಬಿಡಿಸದು. ಅಲ್ಲಿಗೆ ಭೂಮಾಪಕರೇ ಬರಬೇಕು, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಅವರೆದುರೇ ಅಳತೆ ಮಾಡಬೇಕು. ತಂತ್ರಾಂಶಕ್ಕೆ ತೋರುವ ಉತ್ಸಾಹವನ್ನು ಸರ್ಕಾರ ಭೂಮಾಪಕರ ನೇಮಕಕ್ಕೂ ತೋರಲಿ.

ನೀವೂ ಇನ್ನು ತಡಮಾಡಬೇಡಿ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಅದಕ್ಕೂ ಮೊದಲು ನಿಮ್ಮ ಸೋದರತ್ತೆಯರ ಜೊತೆ ಕೂತು ಮಾತಾಡಿ. ಅವರಿಗೂ ಆ ಜಮೀನಿನಲ್ಲಿ ಪಾಲಿದೆ.

ಇಂತಿ,
ನಿಮ್ಮ ಪ್ರೀತಿಯ ಗೆಳೆಯ